ಗ್ರಿಲ್ ಮೇಲಿನ ಟರ್ಕಿ ಕೋಳಿ ಬೆಂದಿದೆಯೋ ಇಲ್ಲವೋ? ಬಣ್ಣ ನೋಡಿ ಹೇಳಬೇಡಿ, ಅಳೆದು ಹೇಳಿ

ನವೆಂಬರ್ ಬಂತೆಂದರೆ ಸಾಕು, ಅಮೆರಿಕದಲ್ಲಿ ನೆಂಟರಿರುವ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಟರ್ಕಿ ಕೋಳಿಯ ಫೋಟೊ, ವಿಡಿಯೊ, ‘ಟಿಪ್ಸ್’ ಓಡಾಡಲು ಶುರುವಾಗುತ್ತವೆ. ನಮ್ಮ ಮನೆಯ ಗ್ರೂಪ್‌ಗೂ ಈ ಸಲ ಒಂದು ಫಾರ್ವರ್ಡ್ ಬಂತು. ಯಾರು ಬರೆದದ್ದು ಗೊತ್ತಿಲ್ಲ. ಮನೆಯ ಹೊರಗೆ ಗ್ರಿಲ್ ಮೇಲೆ ಇಡೀ ಟರ್ಕಿ ಸುಡುವವರಿಗೆ ಆರು ಸಲಹೆಗಳು:

1. ಮಾಂಸ ಗುಲಾಬಿ ಬಣ್ಣಕ್ಕಿದ್ದರೆ ಬೆಂದಿಲ್ಲ, ತಿನ್ನಬೇಡಿ.
2. ಚುಚ್ಚಿದಾಗ ತಿಳಿಯಾದ ರಸ ಬಂದರೆ ಬೆಂದಿದೆ.
3. ಒಂದು ಪೌಂಡಿಗೆ 15 ನಿಮಿಷ. ಲೆಕ್ಕ ಹಾಕಿ ಇಳಿಸಿ.
4. ಅರಿಶಿನ, ಉಪ್ಪು ಹಚ್ಚಿ ನಲ್ಲಿ ಕೆಳಗೆ ಚೆನ್ನಾಗಿ ತೊಳೆದರೆ ಬ್ಯಾಕ್ಟೀರಿಯಾ ಹೋಗುತ್ತದೆ.
5. ಹೊಟ್ಟೆಯೊಳಗೆ ಮಸಾಲೆ ಅನ್ನ ತುಂಬಿದರೆ ರುಚಿ ಜಾಸ್ತಿ.
6. ಹೊರಗೆ ಚಳಿಯಿದ್ದರೆ ಗ್ಯಾರೇಜ್ ಬಾಗಿಲು ತೆರೆದು ಗ್ರಿಲ್ ಒಳಗಿಟ್ಟುಕೊಳ್ಳಿ.

ನ್ಯೂಜೆರ್ಸಿಯಲ್ಲಿರುವ ನನ್ನ ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: “ಇದರಲ್ಲಿ ಯಾವುದು ನಿಜ?”

ಅವಳ ಪ್ರಶ್ನೆಗೆ ಕಾರಣವಿದೆ. ಕಳೆದ ವರ್ಷ ಭಾವ ಮನೆಯ ಹಿತ್ತಲಲ್ಲಿ ಮೂರು ತಾಸು ನಿಂತು ಟರ್ಕಿ ಸುಟ್ಟಿದ್ದರು. ಹೊರಗಿನ ಚರ್ಮ ಹೊಂಬಣ್ಣ. ಕೊಯ್ದರೆ ಚರ್ಮದ ಕೆಳಗೆ ಗುಲಾಬಿ ಪಟ್ಟಿ. ಮಂಡ್ಯದಿಂದ ಹೋಗಿದ್ದ ಅಕ್ಕನ ಅತ್ತೆ ನೋಡಿದವರೇ, “ಇನ್ನೂ ಬೆಂದಿಲ್ಲ ಕಣಪ್ಪ, ಮಕ್ಕಳಿಗೆ ಕೊಡಬ್ಯಾಡಿ” ಅಂದರು. ಕೋಳಿ ಮತ್ತೆ ಗ್ರಿಲ್ಲಿಗೆ ಹೋಯಿತು. ಒಂದೂವರೆ ತಾಸಿನ ನಂತರ ಬಂದದ್ದು ತೆಂಗಿನ ನಾರು. ಹದಿನಾಲ್ಕು ಜನ ಅನ್ನ, ಸಾರು ಉಂಡು ಎದ್ದರು. ಮೊದಲ ಸಲ ಇಳಿಸಿದಾಗ ಅದು ಬೆಂದಿತ್ತೋ ಇಲ್ಲವೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಯಾಕೆಂದರೆ ಯಾರೂ ಅಳೆಯಲಿಲ್ಲ. ಮಾಂಸಕ್ಕೆ ಚುಚ್ಚುವ ಥರ್ಮಾಮೀಟರ್ ಅಡುಗೆಮನೆಯ ಡ್ರಾಯರಿನಲ್ಲೇ ಇತ್ತು, ಪ್ಯಾಕೆಟ್ ಸಹ ಒಡೆದಿರಲಿಲ್ಲ.

ಆ ಫಾರ್ವರ್ಡ್‌ನ ಆರು ಮಾತುಗಳನ್ನು ಒಂದೊಂದಾಗಿ ನೋಡೋಣ. ಕೊನೆಯದು ಜೀವಕ್ಕೇ ಅಪಾಯ, ಹಾಗಾಗಿ ಅದರಿಂದಲೇ ಶುರು ಮಾಡೋಣ.

ಗ್ಯಾರೇಜ್ ಒಳಗೆ ಗ್ರಿಲ್ ಇಡಬಹುದೇ?

ಖಂಡಿತ ಬೇಡ. ಬಾಗಿಲು ತೆರೆದಿದ್ದರೂ ಬೇಡ.

ಇದ್ದಿಲು ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹೊರಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕ ಹೊತ್ತೊಯ್ಯುವ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಹಬ್ಬದ ದಿನ ಇದನ್ನೆಲ್ಲ ‘ಓಡಾಟದ ಸುಸ್ತು’ ಎಂದುಕೊಂಡು ಸುಮ್ಮನಾಗುವುದು ಸುಲಭ. ಆಮೇಲೆ ಪ್ರಜ್ಞೆ ತಪ್ಪುತ್ತದೆ. ಗ್ಯಾಸ್ ಗ್ರಿಲ್ ಕೂಡ ಈ ಅನಿಲವನ್ನು ಬಿಡುತ್ತದೆ, ಇದ್ದಿಲಿನಷ್ಟು ಅಲ್ಲ, ಅಷ್ಟೇ. ಗ್ಯಾರೇಜಿನಿಂದ ಮನೆಯೊಳಗೆ ಬಾಗಿಲಿರುತ್ತದೆ, ಸಂದುಗಳಿರುತ್ತವೆ, ಅನಿಲ ಅಲ್ಲಿಂದ ಒಳಗೆ ನುಗ್ಗುತ್ತದೆ.

ಇದು ಅಮೆರಿಕದ ಸಮಸ್ಯೆ ಮಾತ್ರವಲ್ಲ. ಚಳಿಗೆ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಬಾಗಿಲು ಹಾಕಿ ಮಲಗಿದವರು ಬೆಳಗ್ಗೆ ಏಳಲೇ ಇಲ್ಲ ಎಂಬ ಸುದ್ದಿಯನ್ನು ನಾವೂ ಓದಿದ್ದೇವೆ. ಕಾರಣ ಇದೇ ಅನಿಲ. ಗ್ರಿಲ್ ಬಯಲಲ್ಲಿರಲಿ, ಮನೆಯ ಗೋಡೆ, ಕಿಟಕಿ, ಮರದ ಡೆಕ್‌ನ ಕಂಬಿ ಇವೆಲ್ಲದರಿಂದ ದೂರವಿರಲಿ. ತೀರಾ ಚಳಿ, ಮಳೆ, ಗಾಳಿ ಇದ್ದರೆ ಆ ದಿನ ಓವನ್ ಬಳಸುವುದೇ ಜಾಣತನ.

ಇಷ್ಟಕ್ಕೂ ಟರ್ಕಿಯನ್ನು ಹೊರಗೆ ಯಾಕೆ ಸುಡುತ್ತಾರೆ?

ಥ್ಯಾಂಕ್ಸ್‌ಗಿವಿಂಗ್ ಅಮೆರಿಕದ ರಾಷ್ಟ್ರೀಯ ರಜಾದಿನ. ಅಂತರ್ಯುದ್ಧದ ನಡುವೆ, 1863ರಲ್ಲಿ, ಅಧ್ಯಕ್ಷ ಅಬ್ರಹಾಂ ಲಿಂಕನ್ ಇದನ್ನು ದೇಶವಿಡೀ ಆಚರಿಸುವಂತೆ ಘೋಷಣೆ ಹೊರಡಿಸಿದರು. ನವೆಂಬರ್ ತಿಂಗಳ ನಾಲ್ಕನೇ ಗುರುವಾರ ಎಂದು 1941ರಲ್ಲಿ ಕಾನೂನೇ ಆಯಿತು. ಅವತ್ತು ಮನೆಮಂದಿಯೆಲ್ಲ ಸೇರುತ್ತಾರೆ, ಮೇಜಿನ ನಡುವೆ ಇಡೀ ಟರ್ಕಿ ಇರುತ್ತದೆ. ಅದೊಂದೇ ಅಲ್ಲ, ಕುಂಬಳಕಾಯಿ ಪೈ, ಸಿಹಿಗೆಣಸು, ಬ್ರೆಡ್ಡು ಎಲ್ಲಕ್ಕೂ ಓವನ್ ಬೇಕು. ಟರ್ಕಿಯನ್ನು ಹೊರಗಿನ ಗ್ರಿಲ್ಲಿಗೆ ಕಳಿಸಿದರೆ ಒಳಗಿನ ಓವನ್ ಖಾಲಿಯಾಗುತ್ತದೆ. ಜೊತೆಗೆ ಹೊಗೆಯ ಘಮ ಬೇರೆ.

ಇದನ್ನು ಸುಲಭ ಮಾಡಿದ್ದು ಗುಂಡನೆಯ ಮುಚ್ಚಳ. ಶಿಕಾಗೊ ಸೀಮೆಯ ವೆಬರ್ ಬ್ರದರ್ಸ್ ಎಂಬ ಲೋಹದ ಕಾರ್ಖಾನೆಯಲ್ಲಿ ನೀರಿನ ಮೇಲೆ ತೇಲುವ ದಿಕ್ಸೂಚಕ ಬುಂಡೆಗಳನ್ನು ಮಾಡುತ್ತಿದ್ದರು. ಅಲ್ಲಿದ್ದ ಜಾರ್ಜ್ ಸ್ಟೀಫನ್ 1952ರಲ್ಲಿ ಅಂಥ ಬುಂಡೆಯನ್ನು ಎರಡು ಹೋಳು ಮಾಡಿ, ಕೆಳಗಿನದನ್ನು ಒಲೆಯಾಗಿ, ಮೇಲಿನದನ್ನು ಮುಚ್ಚಳವಾಗಿ ಬಳಸಿದರು. ಮುಚ್ಚಳ ಬಿದ್ದಕೂಡಲೇ ಒಳಗೆ ಬಿಸಿಗಾಳಿ ಸುತ್ತತೊಡಗುತ್ತದೆ. ಬರೀ ಕೆಂಡದ ಒಲೆ ಒಂದು ಬಗೆಯ ಓವನ್ ಆಗುತ್ತದೆ.

ನಮ್ಮ ಅಡುಗೆಮನೆಯ ಅನುಭವ ಇಲ್ಲಿ ಯಾಕೆ ಸಾಲದು?

ಅಕ್ಕನ ಅತ್ತೆ ಐವತ್ತು ವರ್ಷದಿಂದ ಕೋಳಿ ಬೇಯಿಸಿದವರು. ಅವರ ಕೈಯ ನಾಟಿಕೋಳಿ ಸಾರು ತಿಂದು ಯಾರಿಗೂ ಹೊಟ್ಟೆ ಕೆಟ್ಟಿಲ್ಲ. ಹಾಗಿದ್ದರೂ ಅವರ ಅಂದಾಜು ಇಲ್ಲಿ ಯಾಕೆ ಸಾಲಲಿಲ್ಲ?

ಸಾರಿನಲ್ಲಿ ಕೋಳಿ ಸಣ್ಣ ತುಂಡುಗಳಾಗಿರುತ್ತದೆ. ಸುತ್ತಲೂ ಕುದಿಯುವ ನೀರು. ತುಂಡಿನ ಎಲ್ಲ ಕಡೆಯಿಂದ ಶಾಖ ನುಗ್ಗುತ್ತದೆ, ಕೆಲವೇ ನಿಮಿಷದಲ್ಲಿ ಮೂಳೆಯ ತನಕ ಮುಟ್ಟುತ್ತದೆ. ಮೆತ್ತಗಾಗಲೆಂದು ನಾವು ಅದನ್ನು ಇನ್ನೂ ಬಹಳ ಹೊತ್ತು ಕುದಿಸುತ್ತೇವೆ. ಅಂದರೆ ನಮ್ಮ ಸಾರು ರುಚಿಯ ಹದಕ್ಕೆ ಬರುವ ಎಷ್ಟೋ ಮೊದಲೇ ಸುರಕ್ಷಿತವಾಗಿರುತ್ತದೆ. ಎರಡನ್ನೂ ಬೇರೆ ಬೇರೆ ನೋಡುವ ಅಗತ್ಯವೇ ನಮಗೆ ಬಿದ್ದಿಲ್ಲ.

ಐದಾರು ಕಿಲೋ ತೂಗುವ ಇಡೀ ಟರ್ಕಿಯ ಕತೆ ಬೇರೆ. ಸುತ್ತ ನೀರಿಲ್ಲ, ಬರೀ ಬಿಸಿಗಾಳಿ. ಗಾಳಿಯಿಂದ ಮಾಂಸಕ್ಕೆ ಶಾಖ ನಿಧಾನವಾಗಿ ಹತ್ತುತ್ತದೆ. ಚರ್ಮ ಕಂದುಬಣ್ಣಕ್ಕೆ ತಿರುಗಿ ಗರಿಗರಿ ಆದಾಗಲೂ ತೊಡೆಯ ಕೀಲಿನ ಹತ್ತಿರ ಹಸಿ ಇರಬಹುದು. ಅದರಲ್ಲೂ ಮಸಾಲೆಗೆ ಸಕ್ಕರೆಯೋ ಜೇನೋ ಬೆರೆಸಿದ್ದರೆ ಹೊರಗೆ ಕಪ್ಪಾಗಿ, ಒಳಗೆ ತಣ್ಣಗಿರುವುದು ಅಪರೂಪವಲ್ಲ. ಹಸಿ ಕೋಳಿಮಾಂಸದಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಗಳಿರಬಹುದು. ಗಟ್ಟಿಮುಟ್ಟಾದವರಿಗೆ ಇವು ಕೆಲವು ದಿನಗಳ ಭೇದಿ, ಜ್ವರ. ಪುಟ್ಟ ಮಕ್ಕಳು, ಗರ್ಭಿಣಿಯರು, ವಯಸ್ಸಾದವರಿಗೆ ಆಸ್ಪತ್ರೆಯ ದಾರಿ. ಥ್ಯಾಂಕ್ಸ್‌ಗಿವಿಂಗ್ ಮೇಜಿನ ಸುತ್ತ ಕೂರುವವರಲ್ಲಿ ಇವರೇ ಅರ್ಧ ಇರುತ್ತಾರೆ ಎನ್ನುವುದನ್ನು ಮರೆಯಬಾರದು.

ಗುಲಾಬಿ ಬಣ್ಣ ಇದ್ದರೆ ಬೆಂದಿಲ್ಲವೇ?

ಹಾಗೆ ಹೇಳಲಾಗದು. ಗ್ರಿಲ್ ಮೇಲೆ ಸುಟ್ಟ ಟರ್ಕಿ ಪೂರ್ತಿ ಬೆಂದ ಮೇಲೂ ಚರ್ಮದ ಕೆಳಗೆ ಗುಲಾಬಿಯಾಗಿರಬಹುದು.

ಮಾಂಸಕ್ಕೆ ಬಣ್ಣ ಕೊಡುವುದು ಮಯೋಗ್ಲೋಬಿನ್ ಎಂಬ ಪ್ರೋಟೀನು. ಸಾಮಾನ್ಯವಾಗಿ ಬಿಸಿ ತಾಕಿದಾಗ ಅದರ ರೂಪ ಕೆಟ್ಟು ಗುಲಾಬಿ ಹೋಗಿ ಬೂದು, ಕಂದು ಬರುತ್ತದೆ. ಆದರೆ ಇದ್ದಿಲು, ಕಟ್ಟಿಗೆ ಅಥವಾ ಗ್ಯಾಸ್ ಉರಿಯುವಾಗ ನೈಟ್ರೋಜನ್ ಡೈಆಕ್ಸೈಡ್ ಸ್ವಲ್ಪ ಹುಟ್ಟುತ್ತದೆ. ಇದು ಮಾಂಸದ ಒದ್ದೆ ಮೈಯಲ್ಲಿ ಕರಗಿ, ನೈಟ್ರಿಕ್ ಆಕ್ಸೈಡ್ ಆಗಿ, ಮಯೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಆಗ ಸಿಗುವ ಗುಲಾಬಿ ಬಣ್ಣ ಎಷ್ಟು ಬಿಸಿ ಮಾಡಿದರೂ ಹೋಗುವುದಿಲ್ಲ. ಹೊಗೆಯೊಲೆಯಲ್ಲಿ ಮಾಂಸ ಮಾಡುವವರು ಇದನ್ನು ‘ಸ್ಮೋಕ್ ರಿಂಗ್’ ಎಂದು ಹೆಮ್ಮೆಯಿಂದ ತೋರಿಸುತ್ತಾರೆ. ಹ್ಯಾಮ್, ಬೇಕನ್ ಬೆಂದ ಮೇಲೂ ಗುಲಾಬಿಯಾಗಿರುವುದರ ಹಿಂದೆಯೂ ಇದೇ ರಸಾಯನ. ಎಳೆಯ ಹಕ್ಕಿಗಳಲ್ಲಿ ಚರ್ಮದ ಕೆಳಗಿನ ಕೊಬ್ಬು ತೆಳ್ಳಗಿರುವುದರಿಂದ ಅನಿಲ ಸುಲಭವಾಗಿ ಒಳಗಿಳಿದು ಬಣ್ಣ ಇನ್ನೂ ಎದ್ದು ಕಾಣುತ್ತದೆ.

ಭಾವನ ಟರ್ಕಿಯಲ್ಲಿ ಕಂಡದ್ದೂ ಚರ್ಮದ ಕೆಳಗಿನ ಪಟ್ಟಿಯೇ. ಹಕ್ಕಿ ಹಸಿಯಾಗಿ ಉಳಿಯುವುದು ನಡುವಿನಲ್ಲಿ, ಮೂಳೆಯ ಬಳಿ. ಹೊಗೆಯ ಬಣ್ಣ ಕೂರುವುದು ಹೊರಮೈಯಲ್ಲಿ. ಆದರೂ ‘ಪಟ್ಟಿ ಹೊರಗಿದೆ, ಹಾಗಾದರೆ ಒಳಗೆ ಬೆಂದಿದೆ’ ಎಂದು ತೀರ್ಮಾನಿಸುವುದೂ ತಪ್ಪೇ. ಬಣ್ಣ ಎರಡೂ ಕಡೆಗೆ ಮೋಸ ಮಾಡುತ್ತದೆ. ಅತ್ತೆಗೆ ಬಂದ ಅನುಮಾನ ಸರಿಯಾದದ್ದೇ, ಅದನ್ನು ಪರೀಕ್ಷಿಸುವ ದಾರಿ ಮಾತ್ರ ಬೇರೆ.

ತಿಳಿರಸ ಬಂದರೆ? ಹಕ್ಕಿಗೆ ಚುಚ್ಚಿರುವ ಬಟನ್ ಎದ್ದರೆ?

ರಸದ ಬಣ್ಣವೂ ಇದೇ ಮಯೋಗ್ಲೋಬಿನ್‌ನ ಆಟ. ಹಕ್ಕಿಯ ವಯಸ್ಸು, ಮಾಂಸದ ಆಮ್ಲೀಯತೆ, ಚುಚ್ಚಿದ ಜಾಗ ಇವುಗಳ ಮೇಲೆ ಅದು ಬದಲಾಗುತ್ತದೆ. ಸಾಕಷ್ಟು ಬಿಸಿಯಾಗುವ ಮೊದಲೇ ರಸ ತಿಳಿಯಾಗಬಹುದು, ಬೆಂದ ಮೇಲೂ ಕೆಂಪಗೆ ಬರಬಹುದು.

ಕೆಲವು ಟರ್ಕಿಗಳ ಎದೆಗೆ ಅಂಗಡಿಯಲ್ಲೇ ಒಂದು ಪ್ಲಾಸ್ಟಿಕ್ ಕಡ್ಡಿ ಚುಚ್ಚಿರುತ್ತಾರೆ. ಬಿಸಿಯಾದಾಗ ಒಳಗಿನ ಮೆದು ಲೋಹ ಕರಗಿ, ಸ್ಪ್ರಿಂಗ್ ಬಿಟ್ಟುಕೊಂಡು ಬಟನ್ ಮೇಲೆದ್ದು ಬರುತ್ತದೆ. ಒಳ್ಳೆಯ ಉಪಾಯವೇ. ಆದರೆ ಅದಕ್ಕೆ ಗೊತ್ತಿರುವುದು ತಾನು ನಿಂತಿರುವ ಒಂದು ಜಾಗ ಮಾತ್ರ, ತೊಡೆಯ ಸುದ್ದಿ ಅದಕ್ಕೆ ಗೊತ್ತಿಲ್ಲ. ಬಟನ್ ಎದ್ದರೆ ‘ಈಗ ಅಳೆದು ನೋಡುವ ಹೊತ್ತು’ ಎಂದಷ್ಟೇ ತಿಳಿಯಿರಿ.

ಒಂದು ಪೌಂಡಿಗೆ 15 ನಿಮಿಷದ ಲೆಕ್ಕ?

ಊಟ ಎಷ್ಟು ಹೊತ್ತಿಗೆ ಎಂದು ಯೋಜಿಸಲು ಇಂಥ ಲೆಕ್ಕ ಬೇಕು. ಬೆಂದಿದೆ ಎಂದು ತೀರ್ಪು ಕೊಡಲು ಸಾಲದು. ಓವನ್ ಮನೆಯೊಳಗಿರುತ್ತದೆ, ಅದರ ಶಾಖ ಹೆಚ್ಚುಕಡಿಮೆ ಒಂದೇ ಸಮ. ಗ್ರಿಲ್ ಬಯಲಲ್ಲಿರುತ್ತದೆ. ಗಾಳಿ ಬೀಸಿದರೆ ಶಾಖ ಹೋಗುತ್ತದೆ. ಚಳಿ ಹೆಚ್ಚಿದ್ದರೆ ಲೋಹ ಬೇಗ ತಣಿಯುತ್ತದೆ. ಕೆಂಡ ಇಳಿಯುತ್ತಾ ಹೋಗುತ್ತದೆ. ‘ಹೇಗಾಗಿದೆ ನೋಡೋಣ’ ಎಂದು ಬಂದವರೆಲ್ಲ ಮುಚ್ಚಳ ತೆಗೆಯುತ್ತಾರೆ, ಪ್ರತಿ ಸಲವೂ ಒಳಗಿನ ಬಿಸಿಗಾಳಿ ಹಾರಿಹೋಗುತ್ತದೆ. ಒಂದೇ ತೂಕದ ಎರಡು ಟರ್ಕಿ ಒಂದು ತಾಸು ಹಿಂದೆಮುಂದೆ ಬೇಯಬಹುದು.

ಹಾಗಾದರೆ ಯಾವುದನ್ನು ನಂಬಬೇಕು?

ಒಂದೇ ಸಂಖ್ಯೆ: 165 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 74 ಡಿಗ್ರಿ ಸೆಲ್ಸಿಯಸ್. ಮಾಂಸದ ಒಳಗಿನ ತಾಪ.

ಅಮೆರಿಕದ ಕೃಷಿ ಇಲಾಖೆ ಕೋಳಿ ಜಾತಿಯ ಎಲ್ಲ ಮಾಂಸಕ್ಕೂ ಇದನ್ನೇ ಕನಿಷ್ಠ ಸುರಕ್ಷಿತ ತಾಪ ಎಂದು 2006ರಲ್ಲಿ ನಿಗದಿ ಮಾಡಿತು. ಅದಕ್ಕೂ ಮೊದಲು ಎದೆಗೆ 170, ಇಡೀ ಹಕ್ಕಿಗೆ 180 ಡಿಗ್ರಿ ಎಂಬ ಸಲಹೆಯಿತ್ತು. ಹಳೆಯ ಪುಸ್ತಕ, ಹಳೆಯ ಫಾರ್ವರ್ಡ್‌ಗಳಲ್ಲಿ ಬೇರೆ ಬೇರೆ ಸಂಖ್ಯೆ ಕಾಣುವುದು ಇದಕ್ಕೇ. 165ಕ್ಕೆ ತಲುಪಿದರೆ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾಗಳು ಆ ಕ್ಷಣದಲ್ಲೇ ಸಾಯುತ್ತವೆ.

ಮೂರು ಕಡೆ ಅಳೆಯಿರಿ: ತೊಡೆಯ ಒಳಭಾಗ, ಎದೆಯ ದಪ್ಪನೆಯ ಜಾಗ, ರೆಕ್ಕೆ ಮೈಗೆ ಸೇರುವ ಸಂದು. ಕಡ್ಡಿಯ ತುದಿ ಮೂಳೆಗೆ ತಾಕಬಾರದು, ತಾಕಿದರೆ ತಪ್ಪು ಲೆಕ್ಕ ಬರುತ್ತದೆ. ಮೂರರಲ್ಲಿ ಅತಿ ಕಡಿಮೆ ಬಂದದ್ದೇ ನಿಮ್ಮ ಉತ್ತರ. ಎದೆಯ ಮಾಂಸ 165 ದಾಟಿ ಮೇಲೆ ಹೋದಷ್ಟೂ ಒಣಗುತ್ತದೆ. ತೊಡೆಯಲ್ಲಿ ಕೊಲಾಜೆನ್ ಎಂಬ ಗಟ್ಟಿ ನಾರು ಹೆಚ್ಚು, ಅದು ಕರಗಿ ಮೆತ್ತಗಾಗಲು 175, 180 ಆದರೆ ಇನ್ನೂ ಚೆನ್ನ. ಹಾಗಾಗಿ ತೊಡೆಗಳು ಬೆಂಕಿಯ ಕಡೆಗೆ, ಎದೆ ಬೆಂಕಿಯಿಂದ ದೂರಕ್ಕೆ ಇರುವಂತೆ ಹಕ್ಕಿಯನ್ನು ಇಡುವುದು ಒಳ್ಳೆಯದು.

ಎರಡು ಎಚ್ಚರಿಕೆ. ಒಂದು, ಫಾರ್ವರ್ಡ್‌ಗಳಲ್ಲಿ ‘165 ಡಿಗ್ರಿ’ ಎಂದಷ್ಟೇ ಇರುತ್ತದೆ, ಫ್ಯಾರನ್‌ಹೀಟೋ ಸೆಲ್ಸಿಯಸ್ಸೋ ಹೇಳಿರುವುದಿಲ್ಲ. ಊರಿನಿಂದ ತಂದ ಥರ್ಮಾಮೀಟರ್ ಸೆಲ್ಸಿಯಸ್ ತೋರಿಸುತ್ತಿದ್ದು, ನೀವು 165 ಬರಲಿ ಎಂದು ಕಾದರೆ ಸಿಗುವುದು ಇದ್ದಿಲು. ಎರಡು, ಗ್ರಿಲ್ ಮುಚ್ಚಳದ ಮೇಲಿನ ಮೀಟರ್ ತೋರಿಸುವುದು ಒಳಗಿನ ಗಾಳಿಯ ಬಿಸಿ. ಅದು ಮಾಂಸದ ತಾಪವಲ್ಲ.

ನಿಮ್ಮ ಥರ್ಮಾಮೀಟರ್ ಸರಿಯಿದೆಯೇ ಎಂದು ನೋಡುವುದು ಸುಲಭ. ಲೋಟದ ತುಂಬ ಪುಡಿ ಐಸ್, ಮೇಲೆ ತಣ್ಣೀರು. ಕಲಕಿ, ಕಡ್ಡಿ ಇಳಿಸಿ. 32 ಫ್ಯಾರನ್‌ಹೀಟ್ ಅಥವಾ 0 ಸೆಲ್ಸಿಯಸ್ ಬಂದರೆ ಸರಿಯಿದೆ.

ಅರಿಶಿನ, ಉಪ್ಪು ಹಚ್ಚಿ ತೊಳೆದರೆ ಬ್ಯಾಕ್ಟೀರಿಯಾ ಹೋಗುತ್ತದೆಯೇ?

ಇದನ್ನು ಹೇಳಿದರೆ ನಮ್ಮ ಮನೆಯಲ್ಲೇ ಜಗಳವಾಗುತ್ತದೆ. ಮಾಂಸ ತೊಳೆಯದೆ ಒಲೆಗಿಡುವುದು ನಮ್ಮಲ್ಲಿ ಯಾರಿಗೂ ಒಪ್ಪಿಗೆಯಾಗುವ ಮಾತಲ್ಲ. ಅಂಗಡಿಯಲ್ಲಿ ಕಣ್ಣೆದುರೇ ಕೊಯ್ದ ಕೋಳಿಗೆ ರಕ್ತ, ಪುಕ್ಕ, ಮೂಳೆಯ ಚೂರು ಅಂಟಿರುತ್ತವೆ, ತೊಳೆಯಲೇಬೇಕು ಅನ್ನಿಸುವುದು ಸಹಜ. ಆದರೆ ಅಮೆರಿಕದಲ್ಲಿ ಪ್ಯಾಕೆಟ್‌ನಲ್ಲಿ ಬರುವ ಟರ್ಕಿಯನ್ನು ಕಾರ್ಖಾನೆಯಲ್ಲೇ ಸ್ವಚ್ಛ ಮಾಡಿರುತ್ತಾರೆ. ಉಳಿದ ಬ್ಯಾಕ್ಟೀರಿಯಾ ಕಣ್ಣಿಗೆ ಕಾಣದು, ನೀರಿಗೂ ಪೂರ್ತಿ ಹೋಗದು. ಅರಿಶಿನ, ಉಪ್ಪು ಸವರಿ ಐದು ನಿಮಿಷ ಬಿಟ್ಟರೂ ಮಾಂಸ ಸುರಕ್ಷಿತವಾಗುವುದಿಲ್ಲ.

ಹೋಗದಿದ್ದರೆ ಹೋಗಲಿ, ತೊಂದರೆಯೇನು? ಅವು ಹರಡುತ್ತವೆ. ಅಮೆರಿಕದ ಕೃಷಿ ಇಲಾಖೆ 2019ರಲ್ಲಿ ಹೊರತಂದ ಅಧ್ಯಯನದಲ್ಲಿ ಹಸಿ ಕೋಳಿ ತೊಳೆದವರ ಪೈಕಿ ಶೇ 60ರಷ್ಟು ಜನರ ಸಿಂಕ್‌ನಲ್ಲಿ ಬ್ಯಾಕ್ಟೀರಿಯಾ ಸಿಕ್ಕಿತು. ಸಿಂಕ್ ಸ್ವಚ್ಛ ಮಾಡಿದೆವು ಎಂದುಕೊಂಡ ಮೇಲೂ ಶೇ 14ರಷ್ಟು ಸಿಂಕ್‌ಗಳಲ್ಲಿ ಉಳಿದಿತ್ತು. ತೊಳೆದವರಲ್ಲಿ ಶೇ 26ರಷ್ಟು ಜನರ ಸಲಾಡ್ ಎಲೆಗೂ ಅದು ದಾಟಿತ್ತು. ಟರ್ಕಿ ಆಮೇಲೆ ಬೇಯುತ್ತದೆ. ಸಲಾಡು, ಕೋಸಂಬರಿ, ಮೊಸರು ಬಜ್ಜಿ ಬೇಯುವುದಿಲ್ಲ.

ತೊಳೆಯದೆ ಮನಸ್ಸು ಒಪ್ಪದಿದ್ದರೆ ನಲ್ಲಿಯ ರಭಸಕ್ಕೆ ಹಿಡಿಯಬೇಡಿ. ಪೇಪರ್ ಟವೆಲ್‌ನಿಂದ ಒರೆಸಿ, ಅದನ್ನು ಕಸಕ್ಕೆ ಹಾಕಿ, ಕೈಯನ್ನು ಸೋಪು ಹಾಕಿ ಇಪ್ಪತ್ತು ಸೆಕೆಂಡ್ ತೊಳೆಯಿರಿ. ಚರ್ಮ ಒಣಗಿದಷ್ಟೂ ಗರಿಗರಿಯಾಗುತ್ತದೆ, ಅದೊಂದು ಲಾಭ. ಅರಿಶಿನ, ಉಪ್ಪು, ಶುಂಠಿ, ಬೆಳ್ಳುಳ್ಳಿ ಎಲ್ಲ ಧಾರಾಳವಾಗಿ ಹಚ್ಚಿ, ರುಚಿಗಾಗಿ. ಪ್ಯಾಕೆಟ್ ಮೇಲೆ ಉಪ್ಪುನೀರು ಸೇರಿಸಿದೆ ಎಂದು ಬರೆದಿದ್ದರೆ ಉಪ್ಪು ಮಾತ್ರ ಕಡಿಮೆ ಮಾಡಿ.

ಗ್ರಿಲ್ ಮಾಡುವವರು ಇನ್ನೊಂದು ಕಡೆ ಎಡವುತ್ತಾರೆ. ಹಸಿ ಟರ್ಕಿಯನ್ನು ಹೊರಗೆ ಒಯ್ದ ತಟ್ಟೆಯಲ್ಲೇ ಬೆಂದ ಟರ್ಕಿಯನ್ನು ಒಳಗೆ ತರುತ್ತಾರೆ. ಹೊರಡುವಾಗಲೇ ಎರಡು ತಟ್ಟೆ ಒಯ್ಯಿರಿ. ಹಸಿ ಮಾಂಸಕ್ಕೆ ಚುಚ್ಚಿದ ಥರ್ಮಾಮೀಟರ್ ಕಡ್ಡಿಯನ್ನೂ ಪ್ರತಿ ಸಲ ತೊಳೆಯಿರಿ.

ಹೊಟ್ಟೆಯೊಳಗೆ ಅನ್ನ ತುಂಬಬಹುದೇ?

ಗ್ರಿಲ್ ಮೇಲಾದರೆ ಬೇಡ. ತುಂಬಿದ ಪದಾರ್ಥ ಹಕ್ಕಿಯ ನಟ್ಟನಡುವೆ ಇರುತ್ತದೆ, ಶಾಖ ಕೊನೆಗೆ ತಲುಪುವ ಜಾಗ ಅದು. ಹಸಿ ಮಾಂಸದ ರಸ ಅದಕ್ಕೆ ಇಳಿದಿರುತ್ತದೆ, ಆದ್ದರಿಂದ ಅದೂ 165 ಮುಟ್ಟಬೇಕು. ಅದು ಮುಟ್ಟುವ ಹೊತ್ತಿಗೆ ಎದೆ ನಾರಾಗಿರುತ್ತದೆ. ಈರುಳ್ಳಿ, ನಿಂಬೆಹೋಳು, ಕೊತ್ತಂಬರಿ ಕಟ್ಟು ಘಮಕ್ಕಾಗಿ ಇಡಿ, ಆಮೇಲೆ ತೆಗೆದುಹಾಕಿ. ಪಲಾವ್ ಬೇರೆ ಪಾತ್ರೆಯಲ್ಲಿ ಆಗಲಿ.

ಶುರು ಮಾಡುವುದು ಗುರುವಾರ ಅಲ್ಲ, ಭಾನುವಾರ

ಫಾರ್ವರ್ಡ್ ಹೇಳದೆ ಬಿಟ್ಟ ಮುಖ್ಯ ವಿಷಯ ಇದು. ನಡುವೆ ಹೆಪ್ಪುಗಟ್ಟಿರುವ ಟರ್ಕಿಯನ್ನು ಗ್ರಿಲ್ಲಿಗೆ ಏರಿಸಿದರೆ ಹೊರಗೆ ಸುಟ್ಟು ಒಳಗೆ ಹಸಿ ಉಳಿಯುತ್ತದೆ. ಫ್ರಿಡ್ಜ್‌ನಲ್ಲಿ ಕರಗಿಸಲು ಪ್ರತಿ 4ರಿಂದ 5 ಪೌಂಡಿಗೆ ಒಂದು ಪೂರ್ತಿ ದಿನ ಬೇಕು. 12 ಪೌಂಡಿನ, ಅಂದರೆ ಸುಮಾರು ಐದೂವರೆ ಕಿಲೋ ಹಕ್ಕಿಗೆ ಮೂರು ದಿನ. ಮರೆತುಹೋಗಿದ್ದರೆ ಸೋರದ ಚೀಲದಲ್ಲಿ ಹಾಕಿ ತಣ್ಣೀರಿನಲ್ಲಿ ಮುಳುಗಿಸಿ. ಪೌಂಡಿಗೆ ಅರ್ಧ ತಾಸಿನಂತೆ, ಪ್ರತಿ ಅರ್ಧ ತಾಸಿಗೆ ನೀರು ಬದಲಿಸುತ್ತಾ, ಕರಗಿದ ಕೂಡಲೇ ಬೇಯಿಸಿ. ರಾತ್ರಿಯಿಡೀ ಅಡುಗೆಮನೆಯ ಕಟ್ಟೆಯ ಮೇಲೆ ಬಿಡಬೇಡಿ. 40ರಿಂದ 140 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 4ರಿಂದ 60 ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ.

ಗ್ರಿಲ್ಲಿಗೆ 16 ಪೌಂಡ್, ಸುಮಾರು ಏಳು ಕಿಲೋಗಿಂತ ದೊಡ್ಡ ಹಕ್ಕಿ ಬೇಡ. ಅದು ಈ ಅಪಾಯದ ತಾಪದಲ್ಲೇ ಬಹಳ ಹೊತ್ತು ಕಳೆಯುತ್ತದೆ. ಜನ ಹೆಚ್ಚಿದ್ದರೆ ಎರಡು ಚಿಕ್ಕದು ತನ್ನಿ.

ಗ್ರಿಲ್ ಹೊಂದಿಸುವುದು ಹೇಗೆ?

ಸೂತ್ರ ಒಂದೇ: ಬೆಂಕಿ ಹಕ್ಕಿಯ ನೇರ ಕೆಳಗಿರಬಾರದು.

ಇದ್ದಿಲಾದರೆ ಬೂದಿ ಹಿಡಿದ ಕೆಂಡವನ್ನು ಎರಡು ಪಕ್ಕಕ್ಕೆ ತಳ್ಳಿ, ನಡುವೆ ನೀರು ಹಾಕಿದ ಅಗಲದ ಟ್ರೇ ಇಡಿ. ಗ್ಯಾಸ್ ಆದರೆ ನಡುವಿನ ಬರ್ನರ್ ಆರಿಸಿ, ಪಕ್ಕದವನ್ನು ಹಚ್ಚಿ. ಹಕ್ಕಿಯನ್ನು ಎದೆ ಮೇಲಾಗಿ ಟ್ರೇ ಮೇಲ್ಗಡೆಯ ಜಾಲರಿಯಲ್ಲಿಡಿ. ಕೊಬ್ಬು ಟ್ರೇಗೆ ಬೀಳುತ್ತದೆ, ಬೆಂಕಿಗೆ ಬೀಳುವುದಿಲ್ಲ. ಮುಚ್ಚಳದ ಮೀಟರ್ 325ರಿಂದ 350 ಫ್ಯಾರನ್‌ಹೀಟ್ ತೋರಿಸುವಂತೆ ಗಾಳಿಕಿಂಡಿ ಹೊಂದಿಸಿ. ಇದ್ದಿಲನ್ನು ತಾಸಿಗೊಮ್ಮೆ ಸ್ವಲ್ಪ ಸ್ವಲ್ಪ ಸೇರಿಸಿ. ಎರಡು ತಾಸು ಆದ ಮೇಲೆ ಅಳೆಯಲು ಶುರು ಮಾಡಿ. ಸಿಹಿ ಲೇಪ ಹಚ್ಚುವುದಿದ್ದರೆ ಕೊನೆಯ ಅರ್ಧ ತಾಸಿನಲ್ಲಿ ಹಚ್ಚಿ.

ಕೊಬ್ಬಿಗೆ ಬೆಂಕಿ ಹತ್ತಿದರೆ ನೀರು ಎರಚಬೇಡಿ, ಉರಿಯುವ ಕೊಬ್ಬು ಸಿಡಿಯುತ್ತದೆ. ಮುಚ್ಚಳ ಹಾಕಿ, ಗಾಳಿಕಿಂಡಿ ಮುಚ್ಚಿ, ಗ್ಯಾಸ್ ಆದರೆ ಆಫ್ ಮಾಡಿ.

ಮೂರೂ ಕಡೆ 165 ಬಂದ ಮೇಲೆ ಇಳಿಸಿ, ಇಪ್ಪತ್ತು ನಿಮಿಷ ಬಿಟ್ಟು ಕೊಯ್ಯಿರಿ. ರಸ ತಟ್ಟೆಗೆ ಹರಿದುಹೋಗದೆ ಮಾಂಸದಲ್ಲೇ ಹೆಚ್ಚು ಉಳಿಯುತ್ತದೆ.

ಊಟ ಮುಗಿದ ಮೇಲೆ

ಮಾತು, ಕ್ರಿಕೆಟ್ಟು, ಫೋಟೊಗಳ ನಡುವೆ ಟರ್ಕಿ ಮೇಜಿನ ಮೇಲೇ ಸಂಜೆ ತನಕ ಉಳಿಯುತ್ತದೆ. ಬೆಂದ ಮಾಂಸದಲ್ಲೂ ಬೆಳೆಯುವ ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾಕ್ಕೆ ಇದೇ ಬೇಕು. ದೊಡ್ಡ ಪ್ರಮಾಣದಲ್ಲಿ ಅಡುಗೆ ಮಾಡಿ ಬೆಚ್ಚಗೆ ಬಿಡುವ ನವೆಂಬರ್, ಡಿಸೆಂಬರ್ ತಿಂಗಳಲ್ಲೇ ಅಮೆರಿಕದಲ್ಲಿ ಇದರ ಹಾವಳಿ ಹೆಚ್ಚು. ಎರಡು ತಾಸಿನೊಳಗೆ ಮೂಳೆಯಿಂದ ಬಿಡಿಸಿ, ಅಗಲವಾದ ಚಿಕ್ಕ ಡಬ್ಬಿಗಳಲ್ಲಿ ಫ್ರಿಡ್ಜ್‌ಗೆ ಸೇರಿಸಿ. ಮೂರು ನಾಲ್ಕು ದಿನದೊಳಗೆ ಮುಗಿಸಿ. ಮರುದಿನ ಅದನ್ನು ನಮ್ಮ ಮಸಾಲೆ ಹಾಕಿ ಸಾರು ಮಾಡುವುದು ಅಕ್ಕನ ಮನೆಯ ಪದ್ಧತಿ. ಚೆನ್ನಾಗಿ ಕುದಿಯುವಂತೆ ಬಿಸಿ ಮಾಡಿದರೆ ಅದಕ್ಕೆ ಅಡ್ಡಿಯಿಲ್ಲ.

ಊರಲ್ಲಿರುವ ನಮಗೆ ಇದರಿಂದೇನು?

ಟರ್ಕಿ ನಮ್ಮ ಮನೆಗಳಿಗೆ ಅಪರೂಪ. ಆದರೆ ತಾರಸಿಯ ಮೇಲೆ ಬಾರ್ಬೆಕ್ಯೂ, ತೋಟದಲ್ಲಿ ಕೆಂಡದ ಮೇಲೆ ಇಡೀ ಕೋಳಿ, ನ್ಯೂ ಇಯರ್ ಪಾರ್ಟಿಯ ತಂದೂರಿ ಈಗ ಮಾಮೂಲು. ಅಲ್ಲಿಯೂ ಮಸಾಲೆಯ ಕೆಂಪಿನಲ್ಲಿ ಮಾಂಸದ ಬಣ್ಣವೇ ಕಾಣುವುದಿಲ್ಲ, ಕತ್ತಲೆ ಬೇರೆ. ಸಂಖ್ಯೆ ಅದೇ: ಒಳಗೆ 74 ಡಿಗ್ರಿ ಸೆಲ್ಸಿಯಸ್.

ಅಕ್ಕ ಈ ಸಲ ಥರ್ಮಾಮೀಟರ್ ಪ್ಯಾಕೆಟ್ ಒಡೆದು, ಐಸ್ ನೀರಿನಲ್ಲಿಟ್ಟು ಪರೀಕ್ಷೆ ಮಾಡಿ ಫೋಟೊ ಕಳಿಸಿದ್ದಾಳೆ. ಮಂಡ್ಯದ ಅತ್ತೆಯೂ ಗ್ರೂಪ್‌ನಲ್ಲಿದ್ದಾರೆ. “ಅಳ್ದು ನೋಡೋದಾದ್ರೆ ಆಗ್ಲಿ ಬುಡು” ಎಂದು ವಾಯ್ಸ್ ಮೆಸೇಜ್ ಹಾಕಿದ್ದಾರೆ.

ಹಳೆಯ ಫಾರ್ವರ್ಡ್ ಬದಲು ಇದನ್ನು ಕಳಿಸಿ

ಗ್ರಿಲ್ ಮೇಲೆ ಟರ್ಕಿ ಮಾಡುವವರಿಗೆ:
1. ಗ್ರಿಲ್ ಬಯಲಲ್ಲಿರಲಿ. ಗ್ಯಾರೇಜ್ ಬೇಡ, ಬಾಗಿಲು ತೆರೆದಿದ್ದರೂ ಬೇಡ.
2. ಪೂರ್ತಿ ಕರಗಿರಲಿ. 12 ಪೌಂಡಿಗೆ ಫ್ರಿಡ್ಜ್‌ನಲ್ಲಿ 3 ದಿನ.
3. ನಲ್ಲಿ ಕೆಳಗೆ ತೊಳೆಯಬೇಡಿ. ಹಸಿಗೊಂದು ತಟ್ಟೆ, ಬೆಂದದ್ದಕ್ಕೊಂದು ತಟ್ಟೆ.
4. ಹೊಟ್ಟೆಗೆ ಅನ್ನ ತುಂಬಬೇಡಿ.
5. ಬಣ್ಣ, ರಸ, ಗಡಿಯಾರ ನಂಬಬೇಡಿ. ತೊಡೆ, ಎದೆ, ರೆಕ್ಕೆಯ ಸಂದು ಮೂರೂ ಕಡೆ 165 ಫ್ಯಾರನ್‌ಹೀಟ್, ಅಂದರೆ 74 ಸೆಲ್ಸಿಯಸ್ ಬರಲಿ.
6. ಉಳಿದದ್ದು 2 ತಾಸಿನೊಳಗೆ ಫ್ರಿಡ್ಜ್‌ಗೆ.